ಮಾರಕ ರೋಗ ಹಬ್ಬಿದಾಗ ಪ್ರಯಾಣ: ಸರ್ಕಾರದ ಆದೇಶ ಓದುವುದು ಹೇಗೆ, ನಡುವೆ ಸಿಲುಕಿದರೆ ಏನು ಮಾಡಬೇಕು?

ಎಲ್ಲಾದರೂ ಎಬೋಲಾ, ಮಾರ್ಬರ್ಗ್‌ನಂಥ ಮಾರಕ ವೈರಸ್ ರೋಗದ ಅಥವಾ ಹೊಸ ಸೋಂಕಿನ ಸುದ್ದಿ ಬಂದರೆ ಸಾಕು, ಓದುಗರಿಂದ ಅವೇ ಪ್ರಶ್ನೆಗಳು ಬರುತ್ತವೆ. ಟಿಕೆಟ್ ಕ್ಯಾನ್ಸಲ್ ಮಾಡಬೇಕಾ? ಹೋದರೆ ಒಳಗೆ ಬಿಡುತ್ತಾರಾ? ವಾಪಸ್ ಬರಲು ಆಗದಿದ್ದರೆ ಗತಿಯೇನು? ಕ್ವಾರಂಟೈನ್ ಖರ್ಚು ಯಾರ ತಲೆಗೆ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಹಾಕಿದ್ದೇನೆ.

ಮೊದಲು ಒಂದು ಮಾತು. ಇಂಥ ನಿರ್ಬಂಧಗಳು ನೀವು ಯಾವ ದೇಶದವರು ಅನ್ನುವುದಕ್ಕಿಂತ ನೀವು ಯಾವ ದಾರಿಯಲ್ಲಿ ಬಂದಿರಿ ಅನ್ನುವುದನ್ನೇ ಜಾಸ್ತಿ ನೋಡುತ್ತವೆ. ರೋಗ ಇರುವ ದೇಶದ ಪಾಸ್‌ಪೋರ್ಟ್ ಇದ್ದು ವರ್ಷದಿಂದ ಬೇರೆಲ್ಲೋ ಇರುವವರು ಆರಾಮಾಗಿ ದಾಟಿ ಹೋಗಬಹುದು. ಎರಡು ದಿನದ ಮೀಟಿಂಗ್‌ಗೆಂದು ಅಲ್ಲಿಗೆ ಹೋಗಿ ಬಂದ ಹೊರಗಿನವರು ಕೌಂಟರ್‌ನಲ್ಲಿ ಸಿಕ್ಕಿಬೀಳಬಹುದು. ಹಾಗಾಗಿ ಕಳೆದ ಮೂರು ವಾರ ಎಲ್ಲೆಲ್ಲಿ ಇದ್ದಿರಿ ಎಂದು ಈಗಲೇ ಬರೆದಿಟ್ಟುಕೊಳ್ಳಿ. ತಾರೀಕು, ಊರು, ವಿಮಾನದ ಸಂಖ್ಯೆ, ಉಳಿದುಕೊಂಡ ಜಾಗ, ಇಷ್ಟಿದ್ದರೆ ಸಾಕು. ಮುಂದಿನ ಎಲ್ಲ ಹಂತಗಳಿಗೂ ಈ ಪಟ್ಟಿ ಬೇಕು.

ಹಂತ 1: ಯಾವ ರೋಗ, ಅದರ ದಿನದ ಲೆಕ್ಕ ಎಷ್ಟು ಎಂದು ತಿಳಿದುಕೊಳ್ಳಿ

ಸೋಂಕು ತಗುಲಿದ ದಿನದಿಂದ ಮೊದಲ ಲಕ್ಷಣ ಕಾಣುವವರೆಗಿನ ಅವಧಿಗೆ ಇನ್‌ಕ್ಯುಬೇಶನ್ ಅವಧಿ ಎನ್ನುತ್ತಾರೆ. ಎಬೋಲಾ ಮತ್ತು ಮಾರ್ಬರ್ಗ್‌ಗೆ ಇದು 2ರಿಂದ 21 ದಿನ. ಕೋವಿಡ್‌ಗೆ ಹೆಚ್ಚೆಂದರೆ 14 ದಿನ ಎಂದು ಲೆಕ್ಕ ಹಿಡಿದಿದ್ದರು. ಕಾಲರಾಕ್ಕೆ ಕೆಲವು ಗಂಟೆಗಳಿಂದ 5 ದಿನ. ಸರ್ಕಾರಿ ಆದೇಶಗಳಲ್ಲಿ ಕಾಣುವ "ಕಳೆದ 14 ದಿನಗಳಲ್ಲಿ", "ಕಳೆದ 21 ದಿನಗಳಲ್ಲಿ" ಎಂಬ ಸಂಖ್ಯೆಗಳು ಬರುವುದು ಇಲ್ಲಿಂದಲೇ.

ರೋಗ ಹರಡುವ ಬಗೆ ಗೊತ್ತಾದರೆ ಎಂಥ ನಿಯಮ ಬರಬಹುದು ಎಂದೂ ಊಹಿಸಬಹುದು. ಎಬೋಲಾ ಇರುವವರ ರಕ್ತ, ವಾಂತಿ, ಬೆವರಿನಂಥ ದ್ರವಗಳು ತಾಗಿದರೆ ರೋಗ ಹರಡುತ್ತದೆ. ಲಕ್ಷಣ ಕಾಣಿಸುವ ಮುನ್ನ ಅವರಿಂದ ಹರಡುವುದಿಲ್ಲ. ಅದಕ್ಕೇ ಅಲ್ಲಿ ಜ್ವರ ನೋಡುವುದು, 21 ದಿನ ಫೋನ್ ಮಾಡಿ ವಿಚಾರಿಸುವುದು ಇಂಥ ಕ್ರಮಗಳಿಗೆ ಅರ್ಥವಿದೆ. ಕೋವಿಡ್ ಲಕ್ಷಣ ಕಾಣುವ ಮೊದಲೇ ಹರಡುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರೆ ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಿದ್ದರು. ಅದಕ್ಕೇ ಸರ್ಕಾರಗಳು ಆರೋಗ್ಯವಾಗಿದ್ದವರನ್ನೂ ಕೂಡಿಹಾಕಿದವು.

ಹಂತ 2: ಸುದ್ದಿ ಬಿಟ್ಟು ಆದೇಶವನ್ನೇ ಓದಿ

ಹೆಚ್ಚಿನವರು ಎಡವುವುದು ಇಲ್ಲೇ. "ವಿಮಾನ ಬಂದ್" ಎಂಬ ತಲೆಬರಹ ನೋಡಿ ಟಿಕೆಟ್ ರದ್ದು ಮಾಡುತ್ತಾರೆ. ಆಮೇಲೆ ಆದೇಶ ಓದಿದರೆ ನಿಷೇಧ ಇನ್ಯಾರಿಗೋ, ಇನ್ಯಾವಾಗಲೋ.

ಯಾರು ಏನು ಹೇಳುತ್ತಾರೆ ಎಂಬುದನ್ನು ಬೇರೆ ಮಾಡಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ "ಅಂತರರಾಷ್ಟ್ರೀಯ ಆರೋಗ್ಯ ತುರ್ತು ಪರಿಸ್ಥಿತಿ" ಘೋಷಿಸಬಹುದು. ಅದು ದೇಶಗಳಿಗೆ ಕೊಡುವ ಎಚ್ಚರಿಕೆ ಮತ್ತು ಸಲಹೆ. ಗಡಿ ಮುಚ್ಚುವ ಅಧಿಕಾರ ಆಯಾ ದೇಶದ ಸರ್ಕಾರಕ್ಕೆ ಮಾತ್ರ. ಆ ಆದೇಶವನ್ನು ನಿಮ್ಮ ಮೇಲೆ ಮೊದಲು ಜಾರಿ ಮಾಡುವುದು ಹೊರಡುವ ಊರಿನ ಚೆಕ್-ಇನ್ ಕೌಂಟರ್‌ನಲ್ಲಿ ಕೂತ ವಿಮಾನ ಸಂಸ್ಥೆಯ ಸಿಬ್ಬಂದಿ.

ಈ ಮೂವರ ಮಾತು ಒಂದೇ ಇರಬೇಕು ಅಂತೇನಿಲ್ಲ. 2014ರ ಆಗಸ್ಟ್ 8ರಂದು ಪಶ್ಚಿಮ ಆಫ್ರಿಕಾದ ಎಬೋಲಾ ಬಗ್ಗೆ ತುರ್ತು ಪರಿಸ್ಥಿತಿ ಘೋಷಿಸಿದಾಗ ವಿಶ್ವ ಆರೋಗ್ಯ ಸಂಸ್ಥೆ ಪ್ರಯಾಣಕ್ಕೂ ವ್ಯಾಪಾರಕ್ಕೂ ಸಾರಾಸಗಟು ನಿಷೇಧ ಬೇಡ ಎಂದೇ ಹೇಳಿತ್ತು. ಆದರೂ ಅದೇ ವರ್ಷ ಆಸ್ಟ್ರೇಲಿಯಾ ಮತ್ತು ಕೆನಡಾ ಆ ದೇಶಗಳವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿದವು. ಹಲವು ವಿಮಾನ ಸಂಸ್ಥೆಗಳು ಸರ್ಕಾರ ಹೇಳುವ ಮೊದಲೇ ಹಾರಾಟ ನಿಲ್ಲಿಸಿದ್ದವು. ಬ್ರಸೆಲ್ಸ್ ಏರ್‌ಲೈನ್ಸ್, ರಾಯಲ್ ಏರ್ ಮರೋಕ್‌ನಂಥ ಕೆಲವೇ ಸಂಸ್ಥೆಗಳು ಹಾರಾಟ ಮುಂದುವರಿಸಿದವು. ಯಾವುದೇ ದೇಶ ಪ್ರಯಾಣಿಕರನ್ನು 24 ಗಂಟೆಗಿಂತ ಹೆಚ್ಚು ತಡೆದರೆ ಅಥವಾ ಒಳಗೇ ಬಿಡದಿದ್ದರೆ, 48 ಗಂಟೆಯೊಳಗೆ ಕಾರಣ ಸಮೇತ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು ಎಂದು 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿದೆ. ಆದರೆ ತಿಳಿಸದಿದ್ದರೆ ದಂಡ ಹಾಕುವವರಿಲ್ಲ. ಆದ್ದರಿಂದ ಆ ನಿಯಮದ ಪ್ರಿಂಟ್ ಹಿಡಿದು ಕೌಂಟರ್‌ನಲ್ಲಿ ವಾದಕ್ಕೆ ನಿಲ್ಲಬೇಡಿ. ಅಲ್ಲಿ ಕೂತವರ ಕೈಯಲ್ಲಿ ಏನೂ ಇರುವುದಿಲ್ಲ.

ಆದೇಶ ಸಿಕ್ಕಿದ ಮೇಲೆ ಪೆನ್ನು ಹಿಡಿದು ಈ ಅಂಶಗಳಿಗೆ ಅಡಿಗೆರೆ ಹಾಕಿ:

- ಯಾವ ತಾರೀಕು, ಎಷ್ಟು ಗಂಟೆಯಿಂದ ಜಾರಿ? ಆ ಗಂಟೆ ಯಾವ ದೇಶದ ಸಮಯ? ಲೆಕ್ಕಕ್ಕೆ ಬರುವುದು ವಿಮಾನ ಏರುವ ಹೊತ್ತೋ, ಇಳಿಯುವ ಹೊತ್ತೋ?
- "ಅಲ್ಲಿ ಇದ್ದವರು" ಎಂದಿದೆಯೋ, "ಅಲ್ಲಿ ಇದ್ದವರು ಅಥವಾ ಅದರ ಮೂಲಕ ಹಾದು ಬಂದವರು" ಎಂದಿದೆಯೋ?
- ಇಡೀ ದೇಶವೋ, ಕೆಲವು ಜಿಲ್ಲೆಗಳು ಮಾತ್ರವೋ?
- ವಿನಾಯಿತಿ ಯಾರಿಗೆ? ಸಾಮಾನ್ಯವಾಗಿ ಸ್ವಂತ ಪ್ರಜೆಗಳು, ಕಾಯಂ ವಾಸಿಗಳು, ಅವರ ಹತ್ತಿರದ ಕುಟುಂಬ, ಆರೋಗ್ಯ ಕಾರ್ಯಕರ್ತರು. ವಿನಾಯಿತಿ ಇದ್ದರೂ ಕ್ವಾರಂಟೈನ್ ತಪ್ಪಲಿಕ್ಕಿಲ್ಲ.
- ಎಂದಿನವರೆಗೆ? "ಮುಂದಿನ ಆದೇಶದವರೆಗೆ" ಎಂದಿದ್ದರೆ ಟಿಕೆಟ್ ದಿನಾಂಕವನ್ನು ಒಂದು ವಾರ ಮುಂದೂಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಮೊದಲ ಅಂಶವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮಿಕ್ರಾನ್ ಎಂದು ಆಮೇಲೆ ಹೆಸರಾದ ಕೋವಿಡ್ ರೂಪಾಂತರಿಯ ಬಗ್ಗೆ ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 2021ರ ನವೆಂಬರ್ 24ರಂದು. ಎರಡೇ ದಿನದಲ್ಲಿ, ನವೆಂಬರ್ 26ರಂದು, ಹಲವು ದೇಶಗಳು ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ಬಾಗಿಲು ಹಾಕಿದವು. ಆ ದಿನ ಅಲ್ಲಿಂದ ಎರಡು ವಿಮಾನಗಳಲ್ಲಿ ಸುಮಾರು 600 ಮಂದಿ ಆಮ್‌ಸ್ಟರ್‌ಡಾಂ ತಲುಪಿದರು. ಗಂಟೆಗಟ್ಟಲೆ ವಿಮಾನದಲ್ಲೇ ಕೂರಿಸಿ, ಆಮೇಲೆ ಎಲ್ಲರಿಗೂ ಪರೀಕ್ಷೆ ಮಾಡಿದರು. 61 ಮಂದಿಗೆ ಸೋಂಕು ಇತ್ತು. ಅವರೆಲ್ಲ ಹೊರಟದ್ದು ಆಗ ಇದ್ದ ನಿಯಮದಂತೆಯೇ. ಇಳಿಯುವ ಹೊತ್ತಿಗೆ ನಿಯಮ ಬದಲಾಗಿತ್ತು. ಹಾಗಾಗಿ ಹೊರಡುವ ಹಿಂದಿನ ದಿನ ಒಮ್ಮೆ, ಮನೆ ಬಿಡುವ ಮುಂಚೆ ಇನ್ನೊಮ್ಮೆ ಸರ್ಕಾರದ ಅಧಿಕೃತ ಪುಟ ತೆರೆದು ನೋಡಿ. ವಾಟ್ಸಾಪ್‌ನಲ್ಲಿ ಬಂದ ಆದೇಶದ ಫೋಟೋ ನಂಬಬೇಡಿ. ಹಳೇ ಆದೇಶಕ್ಕೆ ಹೊಸ ತಾರೀಕು ಅಂಟಿಸಿ ಕಳಿಸುವವರಿಗೇನೂ ಬರವಿಲ್ಲ.

ಹಂತ 3: ಟ್ರಾನ್ಸಿಟ್ ಸೇರಿಸಿ ದಾರಿಯನ್ನು ಬಿಡಿಸಿ ನೋಡಿ

ಟ್ರಾನ್ಸಿಟ್ ಎಂದರೆ ನಡುದಾರಿಯಲ್ಲಿ ವಿಮಾನ ಬದಲಿಸುವ ಜಾಗ. ಹೊರಡುವ ದೇಶ, ನಡುವಿನ ದೇಶ, ಸೇರುವ ದೇಶ, ಮೂರರ ನಿಯಮವನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೊರಡುವ ದೇಶಕ್ಕೂ ತನ್ನದೇ ನಿಯಮ ಇರುತ್ತದೆ. ರೋಗ ಇರುವ ದೇಶಗಳು ಹೊರಹೋಗುವವರನ್ನು ತಪಾಸಣೆ ಮಾಡಿಯೇ ಬಿಡುತ್ತವೆ. ಇದಕ್ಕೆ ಎಕ್ಸಿಟ್ ಸ್ಕ್ರೀನಿಂಗ್ ಎನ್ನುತ್ತಾರೆ. ಜ್ವರ ಇದ್ದರೆ ವಿಮಾನ ಹತ್ತಲು ಬಿಡುವುದಿಲ್ಲ.

ಇಲ್ಲಿ ದೊಡ್ಡ ಗುಂಡಿ ಎಂದರೆ ಬಿಡಿ ಬಿಡಿಯಾಗಿ ಕೊಂಡ ಟಿಕೆಟ್‌ಗಳು. ಎರಡು ಕಡೆ ಅಗ್ಗದ ಟಿಕೆಟ್ ಹುಡುಕಿ ಜೋಡಿಸಿಕೊಂಡಿದ್ದೀರಿ ಅಂದುಕೊಳ್ಳಿ. ನಡುವಿನ ಊರಲ್ಲಿ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಹಾಗಾದರೆ ಇಮಿಗ್ರೇಶನ್ ದಾಟಿ ಆ ದೇಶದೊಳಗೆ ಕಾಲಿಟ್ಟ ಹಾಗೆಯೇ. ಟ್ರಾನ್ಸಿಟ್ ಪ್ರಯಾಣಿಕರಿಗೆ ಇರುವ ವಿನಾಯಿತಿ ನಿಮಗೆ ಸಿಗುವುದಿಲ್ಲ. ಮೊದಲ ವಿಮಾನ ರದ್ದಾದರೆ ಎರಡನೆಯ ವಿಮಾನ ಸಂಸ್ಥೆಗೆ ಅದು ಸಂಬಂಧವೇ ಇಲ್ಲ. ಇಂಥ ಕಾಲದಲ್ಲಿ ನಾಲ್ಕು ಕಾಸು ಜಾಸ್ತಿ ಆದರೂ ಪೂರ್ತಿ ಪ್ರಯಾಣ ಒಂದೇ ಬುಕಿಂಗ್‌ನಲ್ಲಿರಲಿ.

ಇಳಿಯುವ ಊರೂ ಬದಲಾಗಬಹುದು. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಿಂದ ಬರುವವರೆಲ್ಲ ನ್ಯೂಯಾರ್ಕ್‌ನ ಜೆಎಫ್‌ಕೆ, ನೆವಾರ್ಕ್, ವಾಷಿಂಗ್ಟನ್‌ನ ಡಲೆಸ್, ಶಿಕಾಗೊ, ಅಟ್ಲಾಂಟಾ ಈ ಐದು ನಿಲ್ದಾಣಗಳಲ್ಲೇ ಇಳಿಯಬೇಕು ಎಂದು ಅಮೆರಿಕ ಹೇಳಿತು. 2024ರಲ್ಲಿ ರುವಾಂಡಾದಲ್ಲಿ ಮಾರ್ಬರ್ಗ್ ಕಾಣಿಸಿಕೊಂಡಾಗಲೂ ಅಲ್ಲಿಂದ ಬರುವವರನ್ನು ಹೀಗೇ ಆಯ್ದ ಕೆಲವು ನಿಲ್ದಾಣಗಳಿಗೆ ತಿರುಗಿಸಿತು.

ಹಂತ 4: ಟಿಕೆಟ್ ಮತ್ತು ವಿಮೆಯ ದುಡ್ಡಿನ ಲೆಕ್ಕ

ವಿಮಾನ ಸಂಸ್ಥೆ ತಾನೇ ಹಾರಾಟ ರದ್ದು ಮಾಡಿದರೆ ಹಣ ವಾಪಸ್ ಕೇಳಲು ನಿಮ್ಮ ಕೈ ಮೇಲಿರುತ್ತದೆ. ಹೆದರಿ ನೀವೇ ಮೊದಲು ರದ್ದು ಮಾಡಿದರೆ ಟಿಕೆಟ್‌ನ ಷರತ್ತು ಏನು ಹೇಳುತ್ತದೋ ಅಷ್ಟೇ. ತುರ್ತು ಇಲ್ಲದಿದ್ದರೆ ಸ್ವಲ್ಪ ಕಾಯುವುದೇ ಲೇಸು, ಆದರೆ ಉಚಿತವಾಗಿ ದಿನ ಬದಲಿಸುವ ಗಡುವು ಮೀರದಂತೆ ನೋಡಿಕೊಳ್ಳಿ. "ವೋಚರ್ ಕೊಡುತ್ತೇವೆ" ಎಂದರೆ ಅದರ ಅವಧಿ ಕೇಳಿ. ನಿರ್ಬಂಧ ಮುಗಿಯುವ ಮೊದಲೇ ವೋಚರ್ ಮುಗಿದರೆ ಏನು ಉಪಯೋಗ, ಅಲ್ವಾ?

ಪ್ರಯಾಣ ವಿಮೆಯಲ್ಲಿ ಮೂರು ಸಾಲು ಹುಡುಕಿ. ಒಂದು, "ಈಗಾಗಲೇ ಗೊತ್ತಿರುವ ಘಟನೆ". ರೋಗದ ಸುದ್ದಿ ಜಗಜ್ಜಾಹೀರಾದ ಮೇಲೆ ಕೊಂಡ ಪಾಲಿಸಿ ಆ ರೋಗದ ಕಾರಣಕ್ಕೆ ಹಣ ಕೊಡದೇ ಇರಬಹುದು. ಎರಡು, ಸರ್ಕಾರದ ಪ್ರಯಾಣ ಎಚ್ಚರಿಕೆ. "ಅಲ್ಲಿಗೆ ಹೋಗಬೇಡಿ" ಎಂದು ನಿಮ್ಮ ಸರ್ಕಾರ ಹೇಳಿದ ಮೇಲೂ ಹೋದರೆ ಎಷ್ಟೋ ಪಾಲಿಸಿಗಳು ಅಲ್ಲಿಗೇ ನಿಲ್ಲುತ್ತವೆ. ಮೂರು, ಕಾಯಿಲೆ ಬಿದ್ದರೆ ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ವ್ಯವಸ್ಥೆ. ಎಬೋಲಾದಂಥ ರೋಗಿಯನ್ನು ಸಾಗಿಸುವ ಸಲಕರಣೆ ಇರುವ ವಿಮಾನಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಹೊರಡುವ ಮೊದಲು ವಿಮಾ ಕಂಪನಿಗೆ ಇಮೇಲ್‌ನಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ "ಎಲ್ಲಾ ಕವರ್ ಆಗುತ್ತೆ ಸರ್" ಎಂದವರು ಕ್ಲೇಮ್ ಹೊತ್ತಿಗೆ ಸಿಗುವುದಿಲ್ಲ.

ಹಂತ 5: ಕಾಗದಪತ್ರ ಸಿದ್ಧ ಮಾಡಿಕೊಳ್ಳಿ

ಸಾಮಾನ್ಯವಾಗಿ ಕೇಳುವುದು ಆರೋಗ್ಯ ಘೋಷಣೆ, ಎಲ್ಲಿ ಉಳಿಯುತ್ತೀರಿ ಎಂದು ತುಂಬುವ ಲೊಕೇಟರ್ ಫಾರಂ, ಲಸಿಕೆ ಇದ್ದರೆ ಅದರ ಪ್ರಮಾಣಪತ್ರ, ಪರೀಕ್ಷೆ ಇದ್ದರೆ ಅದರ ವರದಿ. ಎಲ್ಲದರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಸುಮ್ನೆ ತಕರಾರು. ವರದಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿಸಿಕೊಳ್ಳಿ.

ಪರೀಕ್ಷೆಯ ಗಂಟೆ ಲೆಕ್ಕದಲ್ಲಿ ತಪ್ಪಿದವರೇ ಜಾಸ್ತಿ. ನಿಯಮ "72 ಗಂಟೆಯೊಳಗಿನ ವರದಿ" ಎನ್ನುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ವಿಮಾನ ಶುಕ್ರವಾರ ರಾತ್ರಿ 11ಕ್ಕೆ. ಒಟ್ಟು ಪ್ರಯಾಣ 20 ಗಂಟೆ. ಮಂಗಳವಾರ ಬೆಳಿಗ್ಗೆ 10ಕ್ಕೆ ಸ್ಯಾಂಪಲ್ ಕೊಟ್ಟರೆ ಹೊರಡುವ ಹೊತ್ತಿಗೆ 85 ಗಂಟೆ, ನಡೆಯುವುದಿಲ್ಲ. ವರದಿ ಬುಧವಾರ ಕೈಸೇರಿತು ಎಂದು ವಾದಿಸಿ ಲಾಭವಿಲ್ಲ. ಬಹುತೇಕ ಕಡೆ ಸ್ಯಾಂಪಲ್ ತೆಗೆದ ಹೊತ್ತಿನಿಂದಲೇ ಲೆಕ್ಕ. ಬುಧವಾರ ಬೆಳಿಗ್ಗೆ 9ಕ್ಕೆ ಕೊಟ್ಟರೆ ಹೊರಡುವಾಗ 62 ಗಂಟೆ, ಸರಿ. ಆದರೆ ಆ ದೇಶ ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿದರೆ ಅದೇ ವರದಿ 82 ಗಂಟೆ ಹಳೆಯದು. ಗುರುವಾರ ಬೆಳಿಗ್ಗೆ ಕೊಟ್ಟರೆ ಎರಡು ಲೆಕ್ಕಕ್ಕೂ ಹೊಂದುತ್ತದೆ. ಆದರೆ ಲ್ಯಾಬ್ ಶುಕ್ರವಾರ ಸಂಜೆಯೊಳಗೆ ವರದಿ ಕೊಡುತ್ತದಾ ಎಂದು ಮೊದಲೇ ಕೇಳಿಕೊಳ್ಳಬೇಕು.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುವುದು 10 ದಿನ ಕಳೆದ ನಂತರ. ಹೊರಡುವ ಹಿಂದಿನ ದಿನ ಓಡಿಹೋಗಿ ಚುಚ್ಚಿಸಿಕೊಂಡರೆ ಉಪಯೋಗವಿಲ್ಲ. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಹಳೇ ಕಾರ್ಡ್‌ನಲ್ಲಿ 10 ವರ್ಷ ಎಂದು ಬರೆದಿದ್ದರೂ ಅಷ್ಟೇ.

ಹಂತ 6: ವಿಮಾನ ನಿಲ್ದಾಣದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ

ಜ್ವರ ಇಳಿಸುವ ಮಾತ್ರೆ ನುಂಗಿ ಥರ್ಮಲ್ ಸ್ಕ್ಯಾನರ್ ದಾಟುವ ಐಡಿಯಾ ಕೆಲವರಿಗೆ ಬರುತ್ತದೆ. ಬೇಡ. ಹಲವು ದೇಶಗಳಲ್ಲಿ ಆರೋಗ್ಯ ಘೋಷಣೆಯಲ್ಲಿ ಸುಳ್ಳು ಹೇಳುವುದು ಅಪರಾಧ. ಅದಕ್ಕಿಂತ ದೊಡ್ಡ ಕಾರಣ ಅಕ್ಕಪಕ್ಕದ ಸೀಟಿನವರು. 2014ರ ಜುಲೈನಲ್ಲಿ ಲೈಬೀರಿಯಾದಿಂದ ನೈಜೀರಿಯಾದ ಲಾಗೋಸ್‌ಗೆ ಸೋಂಕು ತಗುಲಿದ್ದ ಒಬ್ಬ ಪ್ರಯಾಣಿಕ ವಿಮಾನದಲ್ಲಿ ಬಂದು ಇಳಿದ. ಅವನೂ ಸೇರಿ ಅಲ್ಲಿ ಒಟ್ಟು 20 ಮಂದಿಗೆ ಎಬೋಲಾ ಆಯಿತು, 8 ಮಂದಿ ಸತ್ತರು. ಅಷ್ಟಕ್ಕೇ ನಿಂತಿದ್ದು ಅಲ್ಲಿನ ಆರೋಗ್ಯ ಸಿಬ್ಬಂದಿ ಮನೆಮನೆ ಅಲೆದು ಸಂಪರ್ಕಕ್ಕೆ ಬಂದ ಸುಮಾರು 900 ಮಂದಿಯನ್ನು ಪತ್ತೆಹಚ್ಚಿ ದಿನವೂ ವಿಚಾರಿಸಿಕೊಂಡಿದ್ದರಿಂದ. ಅದೇ ವರ್ಷ ಅಕ್ಟೋಬರ್ 20ರಂದು ನೈಜೀರಿಯಾ ಎಬೋಲಾ ಮುಕ್ತ ಎಂದು ಘೋಷಣೆಯಾಯಿತು. ಲೊಕೇಟರ್ ಫಾರಂನಲ್ಲಿ ನೀವು ಬರೆಯುವ ಫೋನ್ ನಂಬರ್ ಇಂಥ ಹುಡುಕಾಟಕ್ಕೇ ಬೇಕಾಗುವುದು. ಅಲ್ಲಿ ಹೋದ ಮೇಲೆ ಚಾಲೂ ಇರುವ ನಂಬರ್ ಕೊಡಿ. ಹೋಟೆಲ್ ಹೆಸರಿನ ಜೊತೆ ರೋಗ ಇರುವ ಊರಲ್ಲಿ ಎಷ್ಟು ದಿನ ಇದ್ದಿರಿ, ಆಸ್ಪತ್ರೆಗೆ ಅಥವಾ ಅಂತ್ಯಸಂಸ್ಕಾರಕ್ಕೆ ಹೋಗಿದ್ದಿರಾ ಎಂದು ಕೇಳಿದರೆ ಮುಚ್ಚಿಡಬೇಡಿ.

ಪ್ರಶ್ನೆಗಳಿಗೆ ಮೊದಲು ಹೇಳಿದ ಪಟ್ಟಿ ನೋಡಿಕೊಂಡೇ ಉತ್ತರಿಸಿ. ಒಬ್ಬ ಅಧಿಕಾರಿಗೆ 12 ಎಂದು, ಇನ್ನೊಬ್ಬರಿಗೆ 14 ಎಂದು ತಾರೀಕು ಹೇಳಿದರೆ ಸಾಲಿನಿಂದ ಪಕ್ಕಕ್ಕೆ ನಿಲ್ಲಿಸುತ್ತಾರೆ.

ಹಂತ 7: ಕ್ವಾರಂಟೈನ್ ಎಂದರೆ ಕೇಳಬೇಕಾದ ಪ್ರಶ್ನೆಗಳು

ಕಾಯಿಲೆ ಇರುವವರನ್ನು ಬೇರೆ ಇಡುವುದು ಐಸೋಲೇಶನ್. ಕಾಯಿಲೆ ಕಾಣಿಸದಿದ್ದರೂ ಸೋಂಕು ತಗುಲಿರಬಹುದು ಎಂದು ಕಾಯಿಸುವುದು ಕ್ವಾರಂಟೈನ್. ನಿಮ್ಮನ್ನು ಯಾವುದಕ್ಕೆ ಕಳಿಸುತ್ತಿದ್ದಾರೆ ಎಂದು ಸ್ಪಷ್ಟ ಮಾಡಿಕೊಳ್ಳಿ. ಎರಡು ಗುಂಪನ್ನೂ ಒಂದೇ ಕೋಣೆಗೆ ತುಂಬುತ್ತಿದ್ದರೆ ದನಿ ಎತ್ತಲೇಬೇಕು.

ಲಿಖಿತ ಆದೇಶ ಕೇಳಿ. ಅದರಲ್ಲಿ ಮೊದಲ ದಿನ ಯಾವುದು, ಬಿಡುಗಡೆ ಯಾವಾಗ, ಪರೀಕ್ಷೆ ಎಷ್ಟು ಸಲ, ಖರ್ಚು ಯಾರದು ಎಂಬುದು ಇರಬೇಕು. ಬಂದ ದಿನವನ್ನು ಸೊನ್ನೆ ಎಂದು ಹಿಡಿಯುವವರಿದ್ದಾರೆ, ಒಂದು ಎಂದು ಹಿಡಿಯುವವರೂ ಇದ್ದಾರೆ. ಆ ಒಂದು ದಿನದಲ್ಲಿ ಮುಂದಿನ ವಿಮಾನ ತಪ್ಪಬಹುದು. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಹೀಗೆ ಕಾಯಿಸುವ ಪ್ರಯಾಣಿಕರಿಗೆ ಊಟ, ನೀರು, ಇರಲು ಜಾಗ, ಚಿಕಿತ್ಸೆ, ಹೊರಗಿನವರೊಡನೆ ಮಾತಾಡುವ ಅವಕಾಶ ಕೊಡಬೇಕು. ಕ್ವಾರಂಟೈನ್‌ಗೆ ಶುಲ್ಕ ಪಡೆಯಬಾರದು ಎಂಬುದೂ ಅದೇ ನಿಯಮಗಳಲ್ಲಿದೆ, ನೆಲೆಸಲು ಬರುವವರಿಗೆ ಮಾತ್ರ ಬೇರೆ ಮಾತು. ಆದರೆ ಕೋವಿಡ್ ಕಾಲದಲ್ಲಿ ಎಷ್ಟೋ ಸರ್ಕಾರಗಳು ಹೋಟೆಲ್ ಬಿಲ್ಲನ್ನು ಪ್ರಯಾಣಿಕರ ಕೈಗೇ ಕೊಟ್ಟವು. ಹಕ್ಕು ಇದೆ ಎಂದು ತಿಳಿದಿರಿ, ಜೇಬಿನಲ್ಲಿ ದುಡ್ಡೂ ಇಟ್ಟುಕೊಂಡಿರಿ. ಕೊಟ್ಟ ಹಣಕ್ಕೆಲ್ಲ ರಸೀದಿ ತೆಗೆದುಕೊಳ್ಳಿ.

ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಪ್ರಯಾಣದ ದಿನಗಳಿಗಿಂತ ಕನಿಷ್ಠ ಮೂರು ವಾರದಷ್ಟು ಹೆಚ್ಚು ಇರಲಿ. ವೈದ್ಯರ ಚೀಟಿ ಸಮೇತ ಕೈಚೀಲದಲ್ಲೇ ಇಡಿ. ಚೆಕ್-ಇನ್ ಬ್ಯಾಗ್ ನಿಮ್ಮ ಜೊತೆಗೇ ಬರುತ್ತದೆ ಎಂಬ ಖಾತ್ರಿ ಇಲ್ಲ.

ಹಂತ 8: ಗಡಿ ಮುಚ್ಚಿ ನಡುವೆ ಸಿಲುಕಿದರೆ

ಮೊದಲ ಕೆಲಸ ನಿಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು. 2020ರಲ್ಲಿ ಹಲವು ಸರ್ಕಾರಗಳು ವಿಶೇಷ ವಿಮಾನ ಕಳಿಸಿದಾಗ ಕರೆ ಹೋದದ್ದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಆದ್ಯತೆ ಸಿಗುತ್ತಿದ್ದುದು ರೋಗಿಗಳು, ಗರ್ಭಿಣಿಯರು, ವಯಸ್ಸಾದವರು, ವೀಸಾ ಮುಗಿದವರಿಗೆ. ಇವುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ ಫಾರಂನಲ್ಲೇ ಬರೆಯಿರಿ. ವಿಶೇಷ ವಿಮಾನ ಎಂದರೆ ಬಿಟ್ಟಿ ವಿಮಾನ ಅಲ್ಲ, ಟಿಕೆಟ್ ಹಣ ಹೆಚ್ಚಾಗಿ ಪ್ರಯಾಣಿಕರದೇ.

ಎರಡನೆಯದು ವೀಸಾ. ಗಡಿ ಮುಚ್ಚಿದ ಮಾತ್ರಕ್ಕೆ ವೀಸಾ ತಾನಾಗಿ ಮುಂದುವರಿಯುವುದಿಲ್ಲ. ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ರದ್ದಾದ ಟಿಕೆಟ್‌ನ ಪ್ರತಿಯನ್ನು ಜೊತೆಗೆ ಇಡಿ.

ಊರೇ ಮುಚ್ಚಿದರೆ ಅದು ಬೇರೆ ಕಥೆ. ಸಿಯೆರಾ ಲಿಯೋನ್ 2014ರ ಸೆಪ್ಟೆಂಬರ್ 19ರಿಂದ 21ರವರೆಗೆ ಮೂರು ದಿನ ಇಡೀ ದೇಶದ ಜನ ಮನೆಬಿಟ್ಟು ಹೊರಬರದಂತೆ ಮಾಡಿತು. ಅದಕ್ಕೂ ಹಿಂದಿನ ತಿಂಗಳು ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ಬಡವರ ಬಡಾವಣೆಗೆ ಸೈನಿಕರು ಬೇಲಿ ಹಾಕಿದರು. ಒಳಗೆ ಆಹಾರಕ್ಕೆ ತೊಂದರೆಯಾಯಿತು, ಗಲಾಟೆ ನಡೆಯಿತು, ಸುಮಾರು ಹತ್ತು ದಿನದಲ್ಲಿ ಬೇಲಿ ತೆಗೆದರು. ನನ್ನ ಕೇಳಿದರೆ, ಜನರಿಗೆ ಮುಂಚೆ ತಿಳಿಸದೆ ಹಾಕುವ ಬೇಲಿ ರೋಗಕ್ಕಿಂತ ಭಯವನ್ನೇ ಜಾಸ್ತಿ ಹರಡುತ್ತದೆ. ಅದೇನೇ ಇರಲಿ, ಅಲ್ಲಿರುವ ನೀವು ಕಾಲುದಾರಿ ಹಿಡಿದು ತಪ್ಪಿಸಿಕೊಳ್ಳಲು ನೋಡಬೇಡಿ. ಸಿಕ್ಕಿಬಿದ್ದರೆ ಕೇಸು, ಸಿಗದಿದ್ದರೆ ಇನ್ನೊಂದು ಊರಿಗೆ ರೋಗ ಒಯ್ದ ಅನುಮಾನ. ಕೆಲವು ದಿನಕ್ಕಾಗುವಷ್ಟು ನೀರು, ಆಹಾರ, ಔಷಧಿ, ನಗದು ಮೊದಲೇ ಇಟ್ಟುಕೊಂಡು ಇದ್ದಲ್ಲೇ ಇರಿ.

ಹಂತ 9: ಮನೆ ತಲುಪಿದ ಮೇಲೆ

ಎಬೋಲಾ, ಮಾರ್ಬರ್ಗ್ ಇರುವ ಕಡೆಯಿಂದ ಬಂದಿದ್ದರೆ 21 ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಡಿ. ಲೆಕ್ಕ ಶುರುವಾಗುವುದು ಮನೆ ತಲುಪಿದ ದಿನದಿಂದಲ್ಲ, ರೋಗ ಇರುವ ಜಾಗ ಬಿಟ್ಟ ದಿನದಿಂದ. ನಡುವೆ ಬೇರೆ ಊರಲ್ಲಿ ಐದು ದಿನ ಇದ್ದಿದ್ದರೆ ಉಳಿದದ್ದು 16 ದಿನ.

ಜ್ವರ ಬಂದರೆ ನೇರ ಆಸ್ಪತ್ರೆಗೆ ನುಗ್ಗಬೇಡಿ. ಬಸ್ಸು, ಆಟೊ ಹತ್ತಬೇಡಿ. ಮೊದಲು ಆರೋಗ್ಯ ಸಹಾಯವಾಣಿಗೆ ಅಥವಾ ಆಸ್ಪತ್ರೆಗೆ ಫೋನ್ ಮಾಡಿ. "ಇಂಥ ದೇಶದಿಂದ ಇಂಥ ತಾರೀಕು ಬಂದೆ, ಈಗ ಜ್ವರ ಇದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಅವರು ರಕ್ಷಣಾ ಉಡುಪು ಹಾಕಿಕೊಂಡು, ಬೇರೆ ಬಾಗಿಲಿನಿಂದ ಕರೆದುಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳಲು ಹೊತ್ತು ಬೇಕು.

ಒಂದು ಎಚ್ಚರಿಕೆ. ಆಫ್ರಿಕಾದ ಆ ಭಾಗಗಳಿಂದ ಬಂದವರಿಗೆ ಜ್ವರ ಬಂದರೆ ಎಬೋಲಾಕ್ಕಿಂತ ಮಲೇರಿಯಾ ಆಗಿರುವ ಸಾಧ್ಯತೆಯೇ ಹೆಚ್ಚು. ಮಲೇರಿಯಾವೂ ತಡವಾದರೆ ಜೀವ ತೆಗೆಯುತ್ತದೆ. ಪ್ರತ್ಯೇಕ ಕೋಣೆಯಲ್ಲಿ ಇಟ್ಟು ಎಬೋಲಾ ವರದಿಗಾಗಿ ಕಾಯುವಾಗ ಮಲೇರಿಯಾ ಪರೀಕ್ಷೆ ಆಯಿತಾ ಎಂದು ಕೇಳಿ. ಕೇಳಲು ನಿಮಗೆ ಆಗದಿದ್ದರೆ ಮನೆಯವರಿಂದ ಕೇಳಿಸಿ.